ಮೆಮೊರಿ ಕಾರ್ಡಿನಲ್ಲಿ ಕನ್ನಡ ಗ್ರಂಥಭಂಡಾರ: ಪ್ರತಿ ತೆಗೆಯುವ ಕ್ರಮದ ಒಂದು ಪಾಠ

ಹತ್ತನೆಯ ಶತಮಾನದ ಕೊನೆಯಲ್ಲಿದ್ದ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಕೃತಿಯೊಂದು ಉಳಿಯಬೇಕಾದರೆ ಅದರ ಪ್ರತಿಗಳು ಹೆಚ್ಚಬೇಕು, ಅವು ಬೇರೆ ಬೇರೆ ಊರುಗಳನ್ನು ಸೇರಬೇಕು, ಸೇರಿದೆಡೆಯಲ್ಲಿ ಓದಲು ಬರುವಂತಿರಬೇಕು. ಓಲೆಗರಿಯ ಕಾಲದ ಈ ಮೂರು ಅಗತ್ಯಗಳು ಇಂದಿನ ಸಾಧನಗಳಿಗೂ ಅನ್ವಯಿಸುತ್ತವೆ. ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿನಲ್ಲಿ ಕನ್ನಡ ಪುಸ್ತಕಗಳನ್ನೂ, ಅವನ್ನು ಸುತ್ತಲಿನ ಮೊಬೈಲುಗಳಿಗೆ ಬಡಿಸುವ ವ್ಯವಸ್ಥೆಯನ್ನೂ ಒಟ್ಟಿಗೆ ಅಳವಡಿಸಿ, ಸಣ್ಣ ವೈಫೈ ರೂಟರಿಗೆ ಸಿಕ್ಕಿಸಿ, ಇಂಟರ್ನೆಟ್ ಇಲ್ಲದೆಯೇ ಗ್ರಂಥಾಲಯ ನಡೆಸುವ ವಿಧಾನ ಈ ಪಾಠದ ವಿಷಯ.

ಗಡಿಯ ಎರಡು ಊರುಗಳು

ಹಿಂದೂಪುರ ಮತ್ತು ಕಲ್ಯಾಣದುರ್ಗಗಳು ದೀರ್ಘಕಾಲ ಅನಂತಪುರ ಜಿಲ್ಲೆಯಲ್ಲಿದ್ದವು. 2022ರ ಏಪ್ರಿಲ್‌ನಲ್ಲಿ ಹಿಂದೂಪುರವು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಇವೆರಡರ ನಡುವೆ ಕರ್ನಾಟಕದ ಪಾವಗಡ ತಾಲೂಕು ಆಂಧ್ರದ ಒಡಲಿನೊಳಕ್ಕೆ ಚಾಚಿಕೊಂಡಿದೆ. ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ತನ್ನ ಕನ್ನಡ ಶಾಸನಗಳಿಂದ ಪ್ರಸಿದ್ಧವಾಗಿದೆ. ಈ ಭಾಗದ ಹಳ್ಳಿಗಳಲ್ಲಿ ಕನ್ನಡವು ಇಂದಿಗೂ ಮನೆಮಾತು. ಆದರೆ ಮನೆಯಲ್ಲಿ ಕನ್ನಡವಿದ್ದ ಮಾತ್ರಕ್ಕೆ ಕೈಗೆ ಕನ್ನಡ ಪುಸ್ತಕ ಬರುವುದಿಲ್ಲ. ರಾಜ್ಯದ ಗಡಿ ದಾಟಿದೊಡನೆ ಪುಸ್ತಕದ ಅಂಗಡಿಯೂ ಗ್ರಂಥಾಲಯದ ಕಪಾಟೂ ಬೇರೆ ಭಾಷೆಯವಾಗುತ್ತವೆ. ಮಾತು ಬಲ್ಲ ಮಗು ಲಿಪಿಯಿಂದ ದೂರವಾಗುವುದು ಇಂತಹ ಎಡೆಯಲ್ಲಿಯೇ.

ಇಲ್ಲಿಗೆ ದೂರವಲ್ಲದ ತುಮಕೂರು ಜಿಲ್ಲೆಯ ದುರ್ಗದಹಳ್ಳಿಯಲ್ಲಿ ‘ಜನಸ್ತು’ ಸಂಸ್ಥೆಯು ಸಮುದಾಯದ ವೈಫೈ ಜಾಲದ ಪ್ರಯೋಗ ನಡೆಸಿದೆ. ಊರಿನೊಳಗಿನ ಸಣ್ಣ ಯಂತ್ರಗಳೇ ಊರಿನ ಧ್ವನಿ ಮತ್ತು ಮಾಹಿತಿಯನ್ನು ಕಾಪಿಟ್ಟು ಹಂಚುವುದು ಅದರ ತಿರುಳು. ಹೊರಜಗತ್ತಿನಲ್ಲಿ 2011ರ ‘ಪೈರೇಟ್‌ಬಾಕ್ಸ್’ ಮತ್ತು ಅದರಿಂದ ಕವಲೊಡೆದ ‘ಲೈಬ್ರರಿಬಾಕ್ಸ್’ ಇದೇ ದಾರಿಯವು. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಕಡಿಮೆ ಶಕ್ತಿಯ ಬಳಕೆಗೆ 2005ರ ನಿಯಮಗಳು ಪರವಾನಗಿಯಿಂದ ವಿನಾಯಿತಿ ನೀಡಿರುವುದರಿಂದ, ಶಾಲೆಯೋ ಗ್ರಂಥಾಲಯವೋ ಇಂತಹ ಪೆಟ್ಟಿಗೆಯನ್ನು ಇರಿಸಿಕೊಳ್ಳಲು ಅಡ್ಡಿಯಿಲ್ಲ.

ಇಮೇಜ್ ಎಂದರೇನು

ಕಾರ್ಡಿನ ಮೊದಲ ಬೈಟಿನಿಂದ ಆರಂಭಿಸಿ ಅದರ ವಿಭಾಗಗಳು, ಕಡತಗಳು, ಯಂತ್ರವನ್ನು ಎಚ್ಚರಿಸುವ ಆರಂಭಿಕ ತಂತ್ರಾಂಶ ಎಲ್ಲವನ್ನೂ ಇದ್ದ ಕ್ರಮದಲ್ಲಿಯೇ ಒಳಗೊಂಡ ಒಂದೇ ಕಡತಕ್ಕೆ ಇಮೇಜ್ ಎಂದು ಹೆಸರು. ಸಾಧಾರಣ ಕಡತವನ್ನು ನಕಲಿಸುವಂತೆ ಇದನ್ನು ಕಾರ್ಡಿನೊಳಗೆ ಇಟ್ಟರೆ ಯಂತ್ರ ಏಳುವುದಿಲ್ಲ; ಕಾರ್ಡಿನ ಮೇಲೆಯೇ ಬೈಟಿಗೆ ಬೈಟು ಬರೆಯಬೇಕು.

ಇಲ್ಲಿ ಯಂತ್ರಗಳ ಭೇದವನ್ನು ಗಮನಿಸುವುದು ಅವಶ್ಯ. ಮನೆಗಳಲ್ಲಿರುವ ಬಹುಪಾಲು ರೂಟರುಗಳು ಒಳಗಿನ ಫ್ಲಾಶ್ ಚಿಪ್ಪಿನಿಂದ ಏಳುತ್ತವೆಯೇ ಹೊರತು ಕಾರ್ಡಿನಿಂದಲ್ಲ. ಅಂತಹವುಗಳಲ್ಲಿ ಕಾರ್ಡು ಅಥವಾ ಪೆನ್‌ಡ್ರೈವು ಪುಸ್ತಕದ ಕಪಾಟು ಮಾತ್ರ. ರಾಸ್ಪ್‌ಬೆರಿ ಪೈ 3ರಂತಹ ಕಿರು ಗಣಕವಾದರೋ ಕಾರ್ಡಿನ ಮೊದಲ ವಿಭಾಗವನ್ನು ಓದಿಯೇ ಏಳುತ್ತದೆ. ಅದರಲ್ಲೇ ವೈಫೈ ಇರುವುದರಿಂದ ರೂಟರಿನ ಕೆಲಸವನ್ನೂ ಮಾಡುತ್ತದೆ. 2004ರಲ್ಲಿ ಆರಂಭವಾದ ‘ಓಪನ್‌ಡಬ್ಲ್ಯೂಆರ್‌ಟಿ’ ಎಂಬ ಮುಕ್ತ ತಂತ್ರಾಂಶ ಈ ಎರಡು ಬಗೆಯ ಯಂತ್ರಗಳಿಗೂ ದೊರೆಯುತ್ತದೆ. ಆದರೆ ಪ್ರತಿ ಬಗೆಯ ಚಿಪ್ಪಿಗೂ ಬೇರೆ ಇಮೇಜ್ ಬೇಕು: ಪೈ 3ಕ್ಕೆ ಕಟ್ಟಿದ್ದು ಪೈ 4ಕ್ಕೆ ಒದಗದು.

ಹಾಗಾದರೆ ಸಾಗಿಸಬಲ್ಲ ಇಮೇಜ್ ಎಂಬ ಮಾತಿಗೆ ಏನರ್ಥ? ಹಿಂದೂಪುರದ ಗ್ರಂಥಾಲಯವೊಂದರಲ್ಲಿ ಪೈ 3, ಕಲ್ಯಾಣದುರ್ಗದ ಶಾಲೆಯೊಂದರಲ್ಲಿ ಪೈ 4 ಇದೆಯೆಂದು ಇಟ್ಟುಕೊಳ್ಳಬಹುದು. ಕಾರ್ಡನ್ನು ಎರಡು ಪಾಲಾಗಿ ಯೋಜಿಸಿದರೆ ಸಮಸ್ಯೆ ತಿಳಿಯಾಗುತ್ತದೆ. ಯಂತ್ರಕ್ಕೆ ತಕ್ಕ ವ್ಯವಸ್ಥೆಯ ಪಾಲು ಚಿಕ್ಕದು. ಅದನ್ನು ಎರಡು ಬಗೆಯಾಗಿ ಕಟ್ಟಬೇಕು. ಪುಸ್ತಕಗಳ ಪಾಲು ದೊಡ್ಡದು; ಅದು ಎರಡೂ ಊರಿಗೆ ಒಂದೇ. ಈ ಎರಡನೆಯ ವಿಭಾಗವನ್ನು ಅದರ ಸ್ವಂತ ಗುರುತಿನ ಸಂಖ್ಯೆಯಿಂದ ಕರೆಯುವಂತೆ ವ್ಯವಸ್ಥೆಗೆ ತಿಳಿಸಬೇಕು. ‘ಮೊದಲ ಡಿಸ್ಕಿನ ಮೂರನೆಯ ವಿಭಾಗ’ ಎಂಬಂತೆ ಸ್ಥಾನದಿಂದ ಕರೆದರೆ, ಅದೇ ಕಾರ್ಡನ್ನು ಯುಎಸ್‌ಬಿ ರೀಡರಿನ ಮೂಲಕ ಸಿಕ್ಕಿಸಿದ ದಿನ ಆ ಹೆಸರು ಬದಲಾಗಿ ಗ್ರಂಥಾಲಯ ಬರಿದಾಗಿ ಕಾಣುತ್ತದೆ.

ಮೂಲದಿಂದ ಕಟ್ಟುವ ಕ್ರಮ

ಗ್ರಂಥಸಂಪಾದನೆಯನ್ನು ಅಭ್ಯಸಿಸಿದವರಿಗೆ ಪ್ರತಿಯಿಂದ ಪ್ರತಿ ತೆಗೆದಾಗ ದೋಷಗಳು ಹೇಗೆ ಬೆಳೆಯುತ್ತವೆ ಎಂಬುದು ತಿಳಿದಿದೆ. ಕಾರ್ಡಿನ ವಿಷಯದಲ್ಲಿಯೂ ಅದೇ ನ್ಯಾಯ. ಕೆಲವು ತಿಂಗಳು ಬಳಕೆಯಲ್ಲಿದ್ದ ಕಾರ್ಡನ್ನು ಹಾಗೆಯೇ ನಕಲಿಸಿದರೆ ಅದರ ಗುಪ್ತಪದ, ಭದ್ರತೆಯ ಕೀಲಿಗಳು, ಬಳಕೆಯ ದಾಖಲೆಗಳು, ಯಾರೋ ಎಂದೋ ಮಾಡಿದ ತಿದ್ದುಪಡಿ ಎಲ್ಲವೂ ಮುಂದಿನ ಊರಿಗೆ ಹೋಗುತ್ತವೆ. ಎರಡು ಊರುಗಳ ಯಂತ್ರಗಳಿಗೆ ಒಂದೇ ಕೀಲಿಯಾದರೆ ಒಂದರ ಗುಟ್ಟು ಬಲ್ಲವನು ಮತ್ತೊಂದನ್ನೂ ತೆರೆಯಬಲ್ಲನು.

ಆದುದರಿಂದ ಇಮೇಜನ್ನು ಪ್ರತಿಬಾರಿಯೂ ಮೂಲದಿಂದ ಕಟ್ಟುವುದು ಲೇಸು. ಓಪನ್‌ಡಬ್ಲ್ಯೂಆರ್‌ಟಿಯ ‘ಇಮೇಜ್ ಬಿಲ್ಡರ್’ ಎಂಬ ಸಾಧನಕ್ಕೆ ಮೂರು ಸಂಗತಿಗಳನ್ನು ತಿಳಿಸಿದರೆ ಸಾಕು: ಯಂತ್ರ ಯಾವುದು, ಯಾವ ತಂತ್ರಾಂಶಗಳು ಸೇರಬೇಕು, ಯಾವ ಸಿದ್ಧ ಕಡತಗಳು ಎಲ್ಲಿ ಕೂರಬೇಕು. ಈ ಮೂರನ್ನೂ ಬರೆದಿಟ್ಟ ಪಟ್ಟಿಯೇ ಮೂಲಪ್ರತಿ. ಗುಪ್ತಪದವನ್ನು ಇಮೇಜಿನೊಳಗೆ ಇಡದೆ, ಆಯಾ ಊರಿನಲ್ಲಿ ಮೊದಲ ಬಾರಿ ಯಂತ್ರ ಎದ್ದಾಗ ನೀಡಬೇಕು. ಭದ್ರತೆಯ ಕೀಲಿಗಳನ್ನು ಯಂತ್ರವು ತಾನೇ ಆಗ ಸೃಷ್ಟಿಸಿಕೊಳ್ಳುತ್ತದೆ.

ಇನ್ನೆರಡು ಎಚ್ಚರಿಕೆಗಳಿವೆ. 8 ಜಿಬಿ ಎಂದು ಮಾರುವ ಕಾರ್ಡುಗಳೆಲ್ಲವೂ ಸರಿಸಮಾನವಲ್ಲ; ಇಮೇಜನ್ನು ಅತಿ ಚಿಕ್ಕ ಕಾರ್ಡಿಗೂ ಹಿಡಿಸುವಂತೆ ಕಿರಿದಾಗಿ ಕಟ್ಟಿ, ಉಳಿದ ಜಾಗಕ್ಕೆ ಆಮೇಲೆ ವಿಸ್ತರಿಸಬೇಕು. ಎರಡನೆಯದು ವಿದ್ಯುತ್ತಿನದು. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನ ಕಡತಗಳು ಕೆಡುತ್ತವೆ. ವ್ಯವಸ್ಥೆಯನ್ನು ‘ಸ್ಕ್ವಾಶ್‌ಎಫ್‌ಎಸ್’ ಎಂಬ ಓದಲು ಮಾತ್ರ ಬರುವ ರೂಪದಲ್ಲಿಟ್ಟು, ಪುಸ್ತಕಗಳ ವಿಭಾಗವನ್ನೂ ಓದಲು ಮಾತ್ರ ತೆರೆದರೆ ಈ ಅಪಾಯ ಬಹಳಮಟ್ಟಿಗೆ ತಪ್ಪುತ್ತದೆ.

ಅಕ್ಷರದ ಸಂಚಾರ

ಯಂತ್ರ ಎದ್ದಿತು, ಮೊಬೈಲು ಸೇರಿಕೊಂಡಿತು, ಪುಟ ತೆರೆಯಿತು. ಆದರೆ ತೆರೆಯ ಮೇಲೆ ಕನ್ನಡದ ಬದಲು ರೋಮನ್ ಅಕ್ಷರಗಳ ಗೊಂದಲ ಕಾಣುವುದುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕೃತಿಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯದು. ಇಂತಹ ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ, ಮೂಲದೊಡನೆ ಹೋಲಿಸಿ ತಿದ್ದಿದ ಬಳಿಕವೇ ಕಾರ್ಡಿಗೆ ಸೇರಿಸಬೇಕು. ಒತ್ತಕ್ಷರಗಳೂ ಅರ್ಕಾವೊತ್ತೂ ಪರಿವರ್ತನೆಯಲ್ಲಿ ಸುಲಭವಾಗಿ ಕೆಡುವುದರಿಂದ ಈ ತಿದ್ದುವಿಕೆ ಕನ್ನಡ ವಿದ್ಯಾರ್ಥಿಗಳಿಗೇ ಒಪ್ಪುವ ಕೆಲಸ.

ಯೂನಿಕೋಡಿನಲ್ಲಿಯೂ ಒಂದು ಸೂಕ್ಷ್ಮವಿದೆ. ‘ಕೊ’ ಎಂಬುದನ್ನು ಕಕಾರಕ್ಕೆ ಒಕಾರದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆಗಳನ್ನು ಒಂದಾದ ಮೇಲೊಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಒಂದು ಪುಸ್ತಕ ಒಂದು ರೀತಿಯಲ್ಲೂ ಇನ್ನೊಂದು ಮತ್ತೊಂದು ರೀತಿಯಲ್ಲೂ ಇದ್ದರೆ ‘ಕೊಡಗು’ ಎಂದು ಹುಡುಕಿದವನಿಗೆ ಅರ್ಧ ಫಲಿತಾಂಶ ಮಾತ್ರ ದೊರೆಯಬಹುದು. ಎಲ್ಲ ಪಠ್ಯವನ್ನೂ ಒಂದೇ ಪ್ರಮಾಣರೂಪಕ್ಕೆ ತಂದಿಡುವುದು ಇದಕ್ಕೆ ಪರಿಹಾರ. ಹಳೆಯ ಮೊಬೈಲುಗಳಲ್ಲಿ ಕನ್ನಡದ ಫಾಂಟು ಇಲ್ಲದಿರುವ ಸಂಭವವೂ ಇರುವುದರಿಂದ, ಗುಬ್ಬಿ, ನವಿಲು ಅಥವಾ ನೋಟೋದಂತಹ ಮುಕ್ತ ಫಾಂಟೊಂದನ್ನು ಕಾರ್ಡಿನಲ್ಲಿಯೇ ಇಟ್ಟು ಪುಟದೊಡನೆ ಕಳುಹಿಸಬೇಕು.

ಗಾತ್ರದ ಲೆಕ್ಕವನ್ನೂ ಇಲ್ಲಿ ನೋಡಬಹುದು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ‘ಸ್ತ್ರೀ’ ಎಂಬಲ್ಲಿ 6 ಸಂಕೇತಗಳಿವೆ. ಒಟ್ಟು 18 ಬೈಟು. ಪುಟಕ್ಕೆ 1,500 ಸಂಕೇತಗಳಂತೆ 200 ಪುಟದ ಪುಸ್ತಕಕ್ಕೆ 9 ಲಕ್ಷ ಬೈಟುಗಳಾಗುತ್ತವೆ, ಅಂದರೆ ಒಂದು ಎಂಬಿಗೂ ಕಡಿಮೆ. 8 ಜಿಬಿ ಕಾರ್ಡಿನಲ್ಲಿ ವ್ಯವಸ್ಥೆಗೆಂದು ಒಂದು ಜಿಬಿ ಬಿಟ್ಟರೂ ಇಂತಹ 7,000ಕ್ಕೂ ಹೆಚ್ಚು ಪುಸ್ತಕಗಳು ಹಿಡಿಸುತ್ತವೆ. ಪುಟಗಳ ಛಾಯಾಚಿತ್ರವಿರುವ ಪಿಡಿಎಫ್ ಕಡತಗಳಾದರೆ ಸಂಖ್ಯೆ ಬಹಳ ಇಳಿಯುತ್ತದೆ. ಅವುಗಳೊಳಗೆ ಪದಗಳನ್ನು ಹುಡುಕಲೂ ಬಾರದು.

ಪ್ರತಿಯ ಪರಿಶೀಲನೆ

ಹಸ್ತಪ್ರತಿಗಳಲ್ಲಿ 32 ಅಕ್ಷರಗಳಿಗೆ ಒಂದು ‘ಗ್ರಂಥ’ದಂತೆ ಕೃತಿಯ ಪರಿಮಾಣವನ್ನು ನಮೂದಿಸುವ ವಾಡಿಕೆಯಿತ್ತು. ಎಣಿಕೆ ತಾಳೆಯಾಗದಿದ್ದರೆ ಪ್ರತಿಯಲ್ಲಿ ಏನೋ ಬಿಟ್ಟುಹೋಗಿದೆಯೆಂದು ತಿಳಿಯುತ್ತಿತ್ತು. ಇಮೇಜಿಗೆ ‘ಶಾ-256’ ಎಂಬ ಲೆಕ್ಕಾಚಾರದಿಂದ 64 ಚಿಹ್ನೆಗಳ ಮೊತ್ತವೊಂದು ದೊರೆಯುತ್ತದೆ. ಒಂದೇ ಒಂದು ಬೈಟು ಬದಲಾದರೂ ಈ ಮೊತ್ತ ಬೇರೆಯಾಗುತ್ತದೆ. ಹಿಂದೂಪುರದಲ್ಲಿ ಕಟ್ಟಿದ ಇಮೇಜಿನ ಮೊತ್ತವನ್ನು ಕಾಗದದಲ್ಲಿ ಬರೆದು ಕಳುಹಿಸಿದರೆ, ಕಲ್ಯಾಣದುರ್ಗದವರು ತಮ್ಮ ಕೈ ಸೇರಿದ್ದು ಅದೇ ಪ್ರತಿಯೇ ಎಂದು ನೋಡಿಕೊಳ್ಳಬಹುದು. ಕಾರ್ಡಿಗೆ ಬರೆದಾದ ಮೇಲೆ ಇಮೇಜಿನ ಉದ್ದದಷ್ಟನ್ನು ಮಾತ್ರ ಮರಳಿ ಓದಿ ಪರೀಕ್ಷಿಸಬೇಕು. ಅದೂ ಯಂತ್ರಕ್ಕೆ ಸಿಕ್ಕಿಸುವ ಮುನ್ನವೇ. ಒಮ್ಮೆ ಎದ್ದ ಯಂತ್ರ ಕಾರ್ಡಿನಲ್ಲಿ ತನ್ನ ಗುರುತುಗಳನ್ನು ಬರೆದುಕೊಳ್ಳುವುದರಿಂದ ಆಮೇಲೆ ಮೊತ್ತ ಕೂಡದು.

ಯಾವ ಕೃತಿಗಳನ್ನು ಸೇರಿಸಬಹುದು

ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 1901ರಲ್ಲಿ ತೀರಿಕೊಂಡ ಮುದ್ದಣ, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯ ಇವರು ತಮ್ಮ ಜೀವಿತದಲ್ಲಿ ಪ್ರಕಟಿಸಿದ ಕೃತಿಗಳು ಇಂದು ಎಲ್ಲರವು. ಮತ್ತೊಂದು ಗಡಿನಾಡಾದ ಮಂಜೇಶ್ವರದ ಎಂ. ಗೋವಿಂದ ಪೈ ಅವರು 1963ರಲ್ಲಿ ತೀರಿಕೊಂಡುದರಿಂದ ಅವರ ಅಂತಹ ಕೃತಿಗಳು 2024ರಿಂದ ಮುಕ್ತವಾಗಿವೆ. ಪಂಪ, ರನ್ನರ ಕಾವ್ಯಗಳು ಮುಕ್ತವಾದರೂ ಆಧುನಿಕ ಸಂಪಾದಕರ ಪೀಠಿಕೆ, ಗದ್ಯಾನುವಾದ, ಟಿಪ್ಪಣಿಗಳಿಗೆ ಪ್ರತ್ಯೇಕ ಹಕ್ಕಿರುತ್ತದೆಂಬುದನ್ನು ಮರೆಯಬಾರದು. ‘ಕಿವಿಕ್ಸ್’ ಎಂಬ ತಂತ್ರಾಂಶದ ಮೂಲಕ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೂ ಒಂದೇ ಕಡತವಾಗಿ ಕಾರ್ಡಿಗೆ ಸೇರಿಸಬಹುದು.

ಅಭ್ಯಾಸ

1. ‘ರಾಷ್ಟ್ರ’ ಎಂಬ ಪದದಲ್ಲಿ ಎಷ್ಟು ಯೂನಿಕೋಡ್ ಸಂಕೇತಗಳಿವೆ? ಯುಟಿಎಫ್-8ರಲ್ಲಿ ಅದಕ್ಕೆ ಎಷ್ಟು ಬೈಟುಗಳು ಬೇಕು?

2. ಹಳೆಯ ನುಡಿ ಫಾಂಟಿನಲ್ಲಿರುವ ಎರಡು ಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮುದ್ರಿತ ಪ್ರತಿಯೊಡನೆ ಹೋಲಿಸಿ, ಕೆಟ್ಟ ಅಕ್ಷರಗಳ ಪಟ್ಟಿಯನ್ನು ಪಾಠಾಂತರ ಸೂಚಿಸುವ ಕ್ರಮದಲ್ಲಿ ಸಿದ್ಧಪಡಿಸಿ.

3. ಒಂದೇ ಇಮೇಜನ್ನು ಎರಡು ಕಾರ್ಡುಗಳಿಗೆ ಬರೆದು ಅವುಗಳ ಮೊತ್ತವನ್ನು ತಾಳೆ ನೋಡಿ. ಬಳಿಕ ಒಂದನ್ನು ಯಂತ್ರಕ್ಕೆ ಸಿಕ್ಕಿಸಿ ತೆಗೆದು ಮತ್ತೊಮ್ಮೆ ಪರೀಕ್ಷಿಸಿ, ವ್ಯತ್ಯಾಸಕ್ಕೆ ಕಾರಣ ಬರೆಯಿರಿ.

4. ಗಡಿನಾಡಿನ ಪ್ರಾಥಮಿಕ ಶಾಲೆಯೊಂದಕ್ಕೆ ಹೊಂದುವ, ಹಕ್ಕುಸ್ವಾಮ್ಯ ಮುಗಿದ 20 ಕನ್ನಡ ಕೃತಿಗಳನ್ನು ಆಯ್ದು, ಪ್ರತಿಯೊಂದರ ಆಯ್ಕೆಗೂ ಒಂದು ವಾಕ್ಯದಲ್ಲಿ ಸಮರ್ಥನೆ ನೀಡಿ.