ಮಹಾವಿದ್ಯಾಲಯ ಪ್ರವೇಶ: ಮೊದಲಿನ ಸಿದ್ಧತೆ ಮತ್ತು ನಂತರದ ತಾಳ್ಮೆ

ವರ್ಷಂಪ್ರತಿ ಶಾಲಾಂತ ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಕೂಡಲೆ ನಮ್ಮ ಕನ್ನಡ ಶಾಲೆಗಳ ಪಾಲಕರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಅರ್ಜಿಯನ್ನು ಎಂದು ಸಲ್ಲಿಸಬೇಕು? ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಗತಿಯೇನು? ಇವೆರಡಕ್ಕೂ ಉತ್ತರವನ್ನು ಫಲಿತಾಂಶಕ್ಕಿಂತ ಬಹು ಮೊದಲೇ ತಿಳಿದಿರುವುದು ಲೇಸೆಂದು ಭಾವಿಸಿ ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇವೆ.

ಮೊದಲು ಪ್ರವೇಶದ ರೀತಿಯನ್ನು ತಿಳಿಯೋಣ. ಹಿಂದೆ ಸಾಂಗ್ಲಿ, ಮಿರಜಗಳಲ್ಲಿ ಪಾಲಕರು ಒಂದೊಂದು ಕಾಲೇಜಿನ ಕಚೇರಿಗೂ ಹೋಗಿ ಅರ್ಜಿ ತರುತ್ತಿದ್ದರು. 2025-26ನೆಯ ಶೈಕ್ಷಣಿಕ ವರ್ಷದಿಂದ ಹನ್ನೊಂದನೆಯ ತರಗತಿಯ ಕೇಂದ್ರೀಕೃತ ಆನ್‌ಲೈನ್ ಪ್ರವೇಶವು ಮಹಾರಾಷ್ಟ್ರದ ಎಲ್ಲ ಭಾಗಗಳಿಗೂ ಅನ್ವಯವಾಯಿತು. ಅರ್ಜಿಗೆ ಎರಡು ಭಾಗಗಳು. ಮೊದಲನೆಯದರಲ್ಲಿ ವಿದ್ಯಾರ್ಥಿಯ ವಿವರಗಳು; ಎರಡನೆಯದರಲ್ಲಿ ಕಾಲೇಜುಗಳ ಆದ್ಯತಾಕ್ರಮ. ಆ ವರ್ಷ ಹತ್ತು ಕಾಲೇಜುಗಳವರೆಗೆ ಬರೆಯಲು ಅವಕಾಶವಿತ್ತು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕಾಗಿದೆ. ಮೊದಲ ದಿನ ಅರ್ಜಿ ತುಂಬಿದವನಿಗೆ ಮೊದಲ ಸ್ಥಾನ ದೊರೆಯುತ್ತದೆಂದು ಅನೇಕರು ನಂಬಿ ಅವಸರಪಡುತ್ತಾರೆ. ಸ್ಥಾನಗಳು ಹಂಚಲ್ಪಡುವುದು ಅಂಕಗಳ ಗುಣಾನುಕ್ರಮದಿಂದ, ಮೀಸಲಾತಿಯ ನಿಯಮದಿಂದ ಮತ್ತು ವಿದ್ಯಾರ್ಥಿಯ ಆದ್ಯತೆಯಿಂದ, ಗಡಿಯಾರದ ಮುಳ್ಳಿನಿಂದಲ್ಲ. ಹಾಗಾದರೆ ಬೇಗನೆ ಸಿದ್ಧರಾಗುವುದರ ಲಾಭವೇನು? ತಪ್ಪು ತಿದ್ದಲು ಸಮಯ ಉಳಿಯುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಕೊನೆಯ ದಿನ ಕಾಗದಪತ್ರ ಹುಡುಕುವ ಮನೆಯಲ್ಲಿ ಜಾಣ ಮಗುವೂ ಹಿಂದೆ ಬೀಳುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಕನ್ನಡ ಮನೆತನಗಳಿಗೆ ವಿಶೇಷವಾದ ತೊಡಕೊಂದುಂಟು. ಶಾಲೆಯ ದಾಖಲೆಯಲ್ಲಿ ಹೆಸರು ಒಂದು ರೀತಿ, ಮರಾಠಿಯಲ್ಲಿ ಬರೆದ ರೇಶನ್ ಕಾರ್ಡಿನಲ್ಲಿ ಇನ್ನೊಂದು ರೀತಿ, ಆಧಾರದಲ್ಲಿ ಮತ್ತೊಂದು ರೀತಿ ಇರುತ್ತದೆ. ಒಂದಕ್ಷರದ ವ್ಯತ್ಯಾಸವೂ ಕಚೇರಿಯಲ್ಲಿ ಪ್ರಶ್ನೆಯಾಗುತ್ತದೆ. ವಿದ್ಯಾರ್ಥಿಯು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಇವನ್ನೆಲ್ಲ ಒಟ್ಟಿಗಿಟ್ಟು ಹೋಲಿಸಿ ನೋಡಬೇಕು.

ಜಾತಿ ಪ್ರಮಾಣಪತ್ರ ಮತ್ತು ಅದರ ಪರಿಶೀಲನೆಯು ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವ ಕೆಲಸ. ಮಹಾರಾಷ್ಟ್ರದಲ್ಲಿ ಅನುಸೂಚಿತ ಜಾತಿಯವರು 1950ರ ಆಗಸ್ಟ್ 10ಕ್ಕೆ, ಇತರ ಹಿಂದುಳಿದ ವರ್ಗದವರು 1967ರ ಅಕ್ಟೋಬರ್ 13ಕ್ಕೆ ಮೊದಲೇ ಮನೆತನವು ಈ ರಾಜ್ಯದಲ್ಲಿ ನೆಲೆಸಿತ್ತೆಂಬ ಪುರಾವೆಯನ್ನು ಒದಗಿಸಬೇಕಾಗುತ್ತದೆ. ಅಥಣಿ, ವಿಜಯಪುರ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳಿಗೆ ಇದು ಕಠಿಣ. ಅಜ್ಜನು ಓದಿದ ಶಾಲೆಯ ರಿಜಿಸ್ಟರಿನ ಒಂದು ಸಾಲು ಇಂಥಲ್ಲಿ ಬಂಗಾರದಷ್ಟು ಬೆಲೆಯುಳ್ಳದ್ದು. ಅದನ್ನು ಈಗಲೇ ಹುಡುಕಿಡಿರಿ.

ಇನ್ನು ಎರಡನೆಯ ಪ್ರಶ್ನೆ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿರುವುದು ನಿರಾಕರಣೆಯಲ್ಲ, ಮುಂದೂಡಿಕೆ. ಒಂದರ ಹಿಂದೊಂದು ನಿಯಮಿತ ಸುತ್ತುಗಳಿರುತ್ತವೆ. ಆ ಬಳಿಕ ಎಲ್ಲರಿಗೂ ತೆರೆದ ಸುತ್ತೂ ಇರುತ್ತದೆ. ಮೇಲಿನ ಅಂಕದವರು ಬೇರೆಡೆಗೆ ಹೋದಂತೆ ಸ್ಥಾನಗಳು ತೆರವಾಗುತ್ತವೆ. ಆದರೆ ಒಂದು ನಿಯಮವನ್ನು ಮರೆಯಬಾರದು. 2025ರ ಪದ್ಧತಿಯಲ್ಲಿ, ಮೊದಲ ಆದ್ಯತೆಯ ಕಾಲೇಜೇ ದೊರೆತ ವಿದ್ಯಾರ್ಥಿಯು ಅಲ್ಲಿ ಸೇರದಿದ್ದರೆ ಮುಂದಿನ ನಿಯಮಿತ ಸುತ್ತುಗಳಿಂದ ಹೊರಗುಳಿಯುತ್ತಿದ್ದನು. ಕೆಳಗಿನ ಆದ್ಯತೆ ದೊರೆತವನು ಕಾಯಬಹುದಾಗಿತ್ತು. ಆದುದರಿಂದ ನಿಜವಾಗಿ ಬೇಕಾದುದನ್ನೇ ಮೊದಲು ಬರೆಯಬೇಕು. ದಿನವೂ ಹೋಗಿಬರಲು ಸಾಧ್ಯವಾದ ಹತ್ತಿರದ ಕಾಲೇಜೊಂದನ್ನು ಕೆಳಗೆ ಇಟ್ಟುಕೊಂಡಿರಬೇಕು. ಪ್ರತಿವರ್ಷದ ಸೂಚನೆಗಳನ್ನು ಆಯಾ ವರ್ಷವೇ ಓದಿಕೊಳ್ಳುವುದು ಅವಶ್ಯ.

ಪಟ್ಟಿಯಲ್ಲಿ ಹೆಸರಿಲ್ಲವೆಂದು ಬೇಸತ್ತು ಕೆಲವರು ಮಕ್ಕಳನ್ನು ಗಡಿಯಾಚೆಯ ಕಾಲೇಜಿಗೆ ಸೇರಿಸುತ್ತಾರೆ. ಹೋಗಬಾರದೆಂದು ನಾವು ಹೇಳುವುದಿಲ್ಲ, ತಿಳಿದು ಹೋಗಬೇಕೆನ್ನುತ್ತೇವೆ. ಮಹಾರಾಷ್ಟ್ರದ ವೈದ್ಯಕೀಯ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸ್ಥಾನಕ್ಕೆ ಸಾಮಾನ್ಯವಾಗಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಈ ರಾಜ್ಯದಲ್ಲಿಯೇ ಪಾಸಾಗಿರಬೇಕು. ಮಿರಜದಲ್ಲಿ 1962ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವು ಮನೆಯ ಬಾಗಿಲಲ್ಲಿದ್ದರೂ, ಎರಡು ವರ್ಷ ಹೊರಗೆ ಓದಿ ಬಂದವನಿಗೆ ಆ ಬಾಗಿಲು ದೂರವಾದೀತು. ಕರ್ನಾಟಕವು ಗಡಿನಾಡ ಕನ್ನಡಿಗರಿಗೆ ವೃತ್ತಿಶಿಕ್ಷಣದಲ್ಲಿ ಅವಕಾಶ ಕೊಟ್ಟಿದೆ. ನಮ್ಮ ಜಿಲ್ಲೆಯ ಜತ್ತ ತಾಲೂಕು ಅದರಲ್ಲಿ ಸೇರಿದೆ. ಅದಕ್ಕೂ ಷರತ್ತುಗಳುಂಟು, ಕನ್ನಡ ಭಾಷಾ ಪರೀಕ್ಷೆಯುಂಟು.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಮನೆಯೊಳಗಿನದು. ಕಾಯುವ ಕೆಲವು ವಾರಗಳಲ್ಲಿ ಮಗನು ದ್ರಾಕ್ಷಿ ತೋಟದ ಕೂಲಿಗೆ ಹೋಗತೊಡಗುತ್ತಾನೆ. ಮಗಳಿಗೆ ವರಾನ್ವೇಷಣೆ ಆರಂಭವಾಗುತ್ತದೆ. ಮುಂದಿನ ಪಟ್ಟಿಯಲ್ಲಿ ಹೆಸರು ಬಂದಾಗ ಸೇರಲು ಮಗುವೇ ಇರುವುದಿಲ್ಲ. ಪಾಲಕರೇ, ಪಟ್ಟಿ ಮುಂದೆ ಹೋಯಿತೆಂದು ಮಗುವಿನ ಓದನ್ನು ನಿಲ್ಲಿಸಬೇಡಿರಿ. ವಿದ್ಯಾರ್ಥಿಗಳೇ, ಆ ವಾರಗಳಲ್ಲಿ ಇಂಗ್ಲಿಷ್ ಓದಿರಿ. ವಿಜ್ಞಾನ ಶಾಖೆಯ ಪಾಠಗಳು ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಗಣಿತ, ವಿಜ್ಞಾನಗಳ ಪಾರಿಭಾಷಿಕ ಶಬ್ದಗಳನ್ನು ಕನ್ನಡದೊಡನೆ ಹೊಂದಿಸಿ ಬರೆದುಕೊಳ್ಳಿರಿ.

ಕನ್ನಡದಲ್ಲಿ ಓದಿದವರಿಗೆ ಇಲ್ಲಿಯ ಕಾಲೇಜು ಪರಕೀಯವೆಂಬ ಅಳುಕು ಬೇಡ. 1919ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯು ತೆರೆದ ಸಾಂಗ್ಲಿಯ ವಿಲಿಂಗ್ಡನ್ ಮಹಾವಿದ್ಯಾಲಯದಲ್ಲಿ ವಿ. ಕೃ. ಗೋಕಾಕರು ಪ್ರಾಚಾರ್ಯರಾಗಿದ್ದರು, ರಂ. ಶ್ರೀ. ಮುಗಳಿಯವರು ಕನ್ನಡ ಪ್ರಾಧ್ಯಾಪಕರಾಗಿದ್ದರು. ಆ ಬಾಗಿಲಿನಲ್ಲಿ ಕನ್ನಡವು ಹೊಸ ಅತಿಥಿಯಲ್ಲ.

ಮೊದಲೇ ಸಿದ್ಧರಾಗಿರಿ, ಮುಂದಕ್ಕೆ ಹೋದರೆ ಕಾಯಿರಿ, ಕಾಯುವಾಗ ಓದಿರಿ. ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಪ್ರವೇಶದ ಪಟ್ಟಿಗೂ ಸಲ್ಲುತ್ತದೆ.