ಗದ್ದದ ಪೆಟ್ಟು ಮತ್ತು ದವಡೆಯ ಕೀಲು

ಕಿವಿಯ ರಂಧ್ರದ ಮುಂಭಾಗದಲ್ಲಿ ಬೆರಳನ್ನಿಟ್ಟು ಬಾಯನ್ನು ತೆರೆದು ಮುಚ್ಚಿದರೆ, ಅಲ್ಲಿ ಗುಂಡಾದ ಎಲುಬೊಂದು ಚಲಿಸುವುದು ತಿಳಿಯುತ್ತದೆ. ಇದೇ ದವಡೆಯ ಕೀಲು. ಎಡಬಲಗಳಲ್ಲಿರುವ ಈ ಎರಡು ಕೀಲುಗಳು ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳಂತೆ. ಒಂದು ನಿಂತರೆ ಮತ್ತೊಂದು ಸರಿಯಾಗಿ ನಡೆಯಲಾರದು. ಎಲುಬುಗಳ ನಡುವೆ ಮೆತ್ತನೆಯ ಬಿಲ್ಲೆಯೊಂದನ್ನಿಟ್ಟು, ದವಡೆಯು ತಿರುಗುವಂತೆಯೂ ಮುಂದಕ್ಕೆ ಜಾರುವಂತೆಯೂ ಸೃಷ್ಟಿಕರ್ತನು ಇದನ್ನು ರಚಿಸಿರುವನು.

ಪಾಲಬಾವಿಯಂಥ ಊರುಗಳಲ್ಲಿ ಮಕ್ಕಳು ಮಾಳಿಗೆಯಿಂದಲೋ ಚಕ್ಕಡಿಯಿಂದಲೋ ಬೀಳುವುದು ಅಪರೂಪವಲ್ಲ. ಗದ್ದದ ಗಾಯಕ್ಕೆ ಹೊಲಿಗೆ ಹಾಕಿಸಿ ತಾಯಂದಿರು ಸಮಾಧಾನ ಹೊಂದುವರು. ಆದರೆ ಗದ್ದದ ಮೇಲೆ ಬಿದ್ದ ಪೆಟ್ಟು ಕಿವಿಯ ಮುಂದಿನ ಕೀಲಿಗೆ ತಗಲಿ, ಅಲ್ಲಿಯ ಎಳೆಯ ಎಲುಬನ್ನು ಮುರಿಯಬಹುದು. ಒಳಗೆ ಸುರಿದ ರಕ್ತವು ಗಟ್ಟಿಯಾಗಿ, ಕ್ರಮೇಣ ಎಲುಬಾಗಿ, ದವಡೆಯನ್ನು ತಲೆಬುರುಡೆಗೆ ಬೆಸೆದುಬಿಡುವುದುಂಟು. ಕಿವಿಯ ಕೀವನ್ನು ಅಲಕ್ಷಿಸಿದರೂ ಕೆಲವೊಮ್ಮೆ ಇದೇ ಗತಿಯಾಗುತ್ತದೆ.

ಇದರ ಫಲವು ದಾರುಣವಾದುದು. ಮಗುವು ರೊಟ್ಟಿಯನ್ನು ತಿನ್ನಲಾರದೆ ಅಂಬಲಿಯಿಂದ ಜೀವ ಹಿಡಿಯುತ್ತದೆ. ಹಲ್ಲುಜ್ಜಲಾಗದೆ ಹಲ್ಲು ಹುಳುಕಾಗುತ್ತದೆ. ದವಡೆ ಬೆಳೆಯದೆ ಗದ್ದವು ಹಿಂದುಳಿಯುತ್ತದೆ. ಶ್ವಾಸಮಾರ್ಗವು ಕಿರಿದಾಗಿ ನಿದ್ರೆಯಲ್ಲಿ ಉಸಿರು ಕಟ್ಟಬಹುದು. ಬೆಳೆದ ಹುಡುಗಿಯು ಮುಖವನ್ನು ಮರೆಮಾಡಿಕೊಂಡು ಶಾಲೆಯನ್ನೇ ತೊರೆದಾಳು.

ಶಸ್ತ್ರವೈದ್ಯರು ಈ ಎಲುಬಿನ ಬೆಸುಗೆಯನ್ನು ಕಡಿದು ತೆಗೆಯಬಲ್ಲರು. ಬಾಯಿ ತೆರೆಯದಿರುವುದರಿಂದ ಮೂರ್ಛೆಮದ್ದಿನ ನಳಿಗೆಯನ್ನು ಮೂಗಿನ ಮೂಲಕ ಇಳಿಸಬೇಕಾಗುವುದು; ಮುಖದ ನರವು ಹತ್ತಿರದಲ್ಲೇ ಹಾಯುವುದರಿಂದ ಕೈಯು ಬಹು ಎಚ್ಚರದಿಂದ ನಡೆಯಬೇಕು. 1990ರಲ್ಲಿ ಅಮೇರಿಕದ ಕಬಾನ್ ಮತ್ತು ಅವರ ಸಂಗಡಿಗರು ಈ ಚಿಕಿತ್ಸೆಯ ಕ್ರಮವೊಂದನ್ನು ಪ್ರಕಟಿಸಿದರು. ಬೆಸುಗೆಯನ್ನು ಪೂರ್ಣವಾಗಿ ತೆಗೆಯುವುದು, ಕಣತಲೆಯ ಸ್ನಾಯುವಿನ ಪೊರೆಯನ್ನು ನಡುವೆ ಹಾಸುವುದು, ಅಗತ್ಯವಾದಲ್ಲಿ ಪಕ್ಕೆಲುಬಿನ ತುಂಡಿನಿಂದ ಕೀಲನ್ನು ಕಟ್ಟುವುದು, ಬೇಗನೆ ವ್ಯಾಯಾಮವನ್ನು ಆರಂಭಿಸುವುದು ಅದರ ಮುಖ್ಯಾಂಶಗಳು. ನೋವೆಂದು ವ್ಯಾಯಾಮವನ್ನು ಬಿಟ್ಟರೆ ಎಲುಬು ಮರಳಿ ಬೆಸೆದೀತು. ಆದುದರಿಂದ ಶಸ್ತ್ರವೈದ್ಯರ ಕೆಲಸ ಮುಗಿದ ಮೇಲೆ ತಾಯಿಯ ಕೆಲಸ ಆರಂಭವಾಗುವುದೆಂದು ತಿಳಿಯಬೇಕು.

ಬಾಯಿ ಬಿಗಿಯುವುದಕ್ಕೆಲ್ಲಾ ಕೀಲೇ ಕಾರಣವಲ್ಲ. ತಂಬಾಕಿಗೆ ಹೆಸರಾದ ನಿಪ್ಪಾಣಿಯ ನೆರೆಯವರಾದ ನಾವು ಇದನ್ನು ಮರೆಯಬಾರದು. ಅಡಿಕೆಯನ್ನೂ ಗುಟ್ಕಾವನ್ನೂ ಅಗಿಯುವವರಲ್ಲಿ ಕೆನ್ನೆಯ ಒಳಪೊರೆಯೇ ನಾರುಗಟ್ಟಿ ಬಾಯನ್ನು ಬಿಗಿಯುತ್ತದೆ. ಅದು ಮುಂದೆ ಅರ್ಬುದವಾಗಲೂಬಹುದು. ತಂಬಾಕಿಲ್ಲದ ಅಡಿಕೆಯೂ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯು 2004ರ ಗ್ರಂಥದಲ್ಲಿ ಸಾರಿದೆ. ಕರ್ನಾಟಕದಲ್ಲಿ ಗುಟ್ಕಾವನ್ನು 2013ರಲ್ಲಿ ನಿಷೇಧಿಸಲಾಯಿತು.

ಎರಡಕ್ಕೂ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ತನ್ನವೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಿಡಿದು ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಡಲಾಗಬೇಕು. ಬಿದ್ದ ಮಗುವಿನ ಗದ್ದದ ಗಾಯ ಮಾಯ್ದರೂ ಬೆರಳುಗಳು ಹಿಡಿಯದಿದ್ದರೆ, ಅಥವಾ ಬಾಯಿ ಒಂದು ಪಕ್ಕಕ್ಕೆ ವಾಲಿದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ಹಿರಿಯರು ರಾಯಬಾಗದಿಂದ ರೈಲು ಹಿಡಿದು, ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ತೆರೆದ ಮಿರಜದ ಆಸ್ಪತ್ರೆಗೆ ಹೋಗಬಹುದಾಗಿತ್ತು. ಈಗ ಬೆಳಗಾವಿಯಲ್ಲಿಯೂ ಧಾರವಾಡದಲ್ಲಿಯೂ ದಂತವೈದ್ಯ ಮಹಾವಿದ್ಯಾಲಯಗಳಿವೆ. ದಾರಿ ಹತ್ತಿರವಾಗಿದೆ; ಹೊರಡುವುದರಲ್ಲಿ ನಾವು ತಡಮಾಡದಿರೋಣ. ಈ ಶಾಲೆಯಲ್ಲಿ ಕಲಿತು ಇಂದು ತಾಯಂದಿರಾಗಿರುವ ಸಹೋದರಿಯರು ಈ ಮೂರು ಬೆರಳಿನ ಪಾಠವನ್ನು ನೆರೆಮನೆಗೂ ಮುಟ್ಟಿಸಲೆಂದು ಬೇಡುತ್ತೇವೆ.