ವಿಮೆಗಿಂತ ಮೊದಲು ಲಸಿಕೆಯ ಕಾರ್ಡು

ಕಾವ್ಯಾ,

ನಿನ್ನ ಮೆಸೇಜ್ ನೋಡಿದೆ. ನಾಲ್ಕು ಕಂಪನಿಗಳ ನಾಯಿ ವಿಮೆಯನ್ನು ಅಕ್ಕಪಕ್ಕ ಇಟ್ಟು ಪಟ್ಟಿ ಮಾಡಿದ್ದೀಯ, ಅಚ್ಚುಕಟ್ಟಾಗಿದೆ. ಆದರೆ ಕೊನೆಗೆ, ‘ಆಫೀಸಿನ ಗಡಿಬಿಡಿಯಲ್ಲಿ ಮರಿಯ ಮೂರನೇ ಇಂಜೆಕ್ಷನ್ ತಪ್ಪಿತು, ಮುಂದಿನ ತಿಂಗಳು ಹಾಕಿಸ್ತೀನಿ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಸಿಟ್ಟು ಬಂತು. ವಿಮೆಯ ಮಾತು ಆಮೇಲೆ. ಮೊದಲು ಇದನ್ನು ಕೇಳು.

ಮುಧೋಳ ಸೀಮೆಯ ಪಶು ಆಸ್ಪತ್ರೆಗಳಲ್ಲಿ ಸರ್ವಿಸ್ ಮಾಡಿದವನು ನಾನು. ಈ ಇಂಜೆಕ್ಷನ್ ತಡೆಯುವ ಪಾರ್ವೊ ವೈರಸ್ ರೋಗ ಬಂದ ಮರಿಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತರುತ್ತಿದ್ದರು. ಅವರು ಮೆಟ್ಟಿಲು ಹತ್ತುವ ಮೊದಲೇ ರಕ್ತಭೇದಿಯ ವಾಸನೆ ಒಳಗೆ ಬಂದಿರುತ್ತಿತ್ತು. ಮುಂಗಾಲಿನ ಕೂದಲು ಬೋಳಿಸಿ ನರ ಹುಡುಕಿದರೆ, ಮೈಯ ನೀರೆಲ್ಲ ಹೋಗಿ ಅದು ದಾರದಂತೆ ಕುಗ್ಗಿರುತ್ತಿತ್ತು, ಸೂಜಿಗೆ ಸಿಗುತ್ತಿರಲಿಲ್ಲ. ವೈರಸ್ಸನ್ನೇ ಕೊಲ್ಲುವ ಔಷಧಿ ನಮ್ಮ ಕೈಯಲ್ಲಿರಲಿಲ್ಲ. ಸಲೈನ್ ಏರಿಸು, ವಾಂತಿ ನಿಲ್ಲಿಸು, ಬೇರೆ ಸೋಂಕು ತಗುಲದಂತೆ ಕಾಯಿ. ಇವತ್ತಿಗೂ ಬಹುಮಟ್ಟಿಗೆ ಅದೇ ಚಿಕಿತ್ಸೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಐದಾರು ದಿನ ಹೀಗೆ ಇರಿಸಿದರೆ ಬಿಲ್ಲು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಲಸಿಕೆಗೆ ಸಾವಿರ ರೂಪಾಯಿಯ ಆಸುಪಾಸು.

ತಾಯಿಯ ಹಾಲಿನಿಂದ ಬಂದ ರಕ್ಷಣೆ ಯಾವ ವಾರ ಇಳಿಯುತ್ತದೆಂದು ಯಾರೂ ಹೇಳಲಾರರು. ಅದಕ್ಕಾಗಿಯೇ 6-8 ವಾರಕ್ಕೆ ಶುರುಮಾಡಿ, 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ ಹಾಕಿಸುವುದು. ಮರಿ ತರಲು ಹೊಸೂರಿನವರೆಗೆ ಹೋಗಿಬರುವಷ್ಟು ಪುರುಸೊತ್ತಿತ್ತು, ಇಂಜೆಕ್ಷನ್ನಿಗೆ ಅರ್ಧ ಗಂಟೆ ಇಲ್ಲವೇ? ಎಂ.ಟೆಕ್. ಮಾಡಿದ ಹುಡುಗಿಗೆ ನಾನು ಇದನ್ನು ಹೇಳಬೇಕೇನವ್ವಾ? ನಾಳೆಯೇ ಹಾಕಿಸು. ರೇಬೀಸ್ ಲಸಿಕೆ ಯಾವಾಗ ಎಂದೂ ಅಲ್ಲೇ ಕೇಳು. ಡಾಕ್ಟರು ಹೇಳುವವರೆಗೆ ಪಾರ್ಕಿಗೆ ಇಳಿಸಬೇಡ.

ಇನ್ನು ವಿಮೆ. ಅದು ನನಗೆ ಹೊಸದಲ್ಲ. ಸರ್ವಿಸ್ ಉದ್ದಕ್ಕೂ ಹಸು-ಎಮ್ಮೆಗಳ ಕಿವಿಗೆ ವಿಮೆಯ ಗುರುತಿನ ಓಲೆ ಹಾಕುವುದನ್ನು, ಸತ್ತಾಗ ಪೋಸ್ಟ್‌ಮಾರ್ಟಂ ವರದಿ ಬರೆಯುವುದನ್ನು ನೋಡುತ್ತ ಬಂದವನು. ಒಬ್ಬ ರೈತನ ಎಚ್.ಎಫ್. ತಳಿಯ ಆಕಳು, ಮನೆಯ ಸಂಸಾರವೆಲ್ಲ ಅದರ ಹಾಲಿನ ಮೇಲೆಯೇ. ಬೇಲಿಗೆ ಸಿಕ್ಕಿ ಕಿವಿ ಹರಿದು ಓಲೆ ಬಿದ್ದುಹೋಯಿತು. ಕಂಪನಿಗೆ ತಿಳಿಸಿ ಹೊಸದು ಹಾಕಿಸುವಷ್ಟರಲ್ಲಿ ಹೊಟ್ಟೆಯುಬ್ಬರವಾಗಿ ಒಂದೇ ರಾತ್ರಿಯಲ್ಲಿ ಆಕಳು ಸತ್ತಿತು. ಮೈಬಣ್ಣ, ಕೊಂಬಿನ ಆಕಾರ, ಬಾಲದ ತುದಿಯ ಬಿಳಿಗೂದಲು, ಎಲ್ಲವೂ ಮೊದಲಿನ ಪ್ರಮಾಣಪತ್ರಕ್ಕೆ ತಾಳೆಯಾಗುತ್ತಿದ್ದವು. ಕಂಪನಿ ಒಪ್ಪಲಿಲ್ಲ. ಓಲೆ ಇಲ್ಲ, ಪರಿಹಾರವೂ ಇಲ್ಲ. ಆತ ಮಧ್ಯಾಹ್ನದವರೆಗೆ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತಿದ್ದು ಎದ್ದುಹೋದ. ಆಗಿನಿಂದ ಯಾವ ಪಾಲಿಸಿ ಕೈಗೆ ಬಂದರೂ ಏನು ಕೊಡುತ್ತಾರೆ ಎನ್ನುವುದಕ್ಕಿಂತ ಯಾವಾಗ ಕೊಡುವುದಿಲ್ಲ ಎನ್ನುವ ಪುಟವನ್ನೇ ನಾನು ಮೊದಲು ಓದುವುದು.

ಹಾಗಂತ ವಿಮೆ ಬೇಡ ಅನ್ನುತ್ತಿಲ್ಲ. ನಿನ್ನ ದುಡ್ಡು, ನಿನ್ನ ನಿರ್ಧಾರ. ನಾಯಿ ಯಾರನ್ನಾದರೂ ಕಚ್ಚಿದರೆ ಅವರ ನಷ್ಟ ತುಂಬುವ ಭಾಗ ಪಾಲಿಸಿಯಲ್ಲಿದ್ದರೆ, ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಅದು ಉಪಯೋಗದ್ದೇ. ಆದರೆ ಲಸಿಕೆ, ಮಾಮೂಲಿ ತಪಾಸಣೆ, ಸಂತಾನಹರಣದ ಆಪರೇಷನ್ ಸಾಮಾನ್ಯವಾಗಿ ವಿಮೆಯೊಳಗೆ ಬರುವುದಿಲ್ಲ. ಮೊದಲೇ ಇದ್ದ ಕಾಯಿಲೆಯೂ ಬರುವುದಿಲ್ಲ. ಲಸಿಕೆ ಹಾಕಿಸದೆ ಪಾರ್ವೊ ಬಂದರೆ ಕಂಪನಿಯವರು ಕೈ ಎತ್ತಿಬಿಡುತ್ತಾರೆ. ನಾಯಿಗೆ ವಯಸ್ಸಾಗಿ ಖರ್ಚು ಏರುವ ಹೊತ್ತಿಗೆ ಹೊಸ ಪಾಲಿಸಿಯೇ ಸಿಗದು. ನನ್ನನ್ನು ಕೇಳಿದರೆ, ಪ್ರತಿ ತಿಂಗಳು ಒಂದೂವರೆ ಸಾವಿರವನ್ನು ನಾಯಿಗೆಂದೇ ಬೇರೆ ಖಾತೆಗೆ ಹಾಕು. ಐದು ವರ್ಷಕ್ಕೆ ತೊಂಬತ್ತು ಸಾವಿರ. ಅದನ್ನು ತೆಗೆಯಲು ಯಾರ ಸಹಿಯೂ ಬೇಡ. ದುಡ್ಡು ಕೂಡುವ ಮೊದಲೇ ಕಷ್ಟ ಬಂದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಳಿಗ್ಗೆ ಸಾಲಿನಲ್ಲಿ ನಿಲ್ಲಬೇಕು, ಆದರೆ ಫೀಸು ಕಡಿಮೆ, ಓದಿಕೊಂಡ ಡಾಕ್ಟರು ಸಿಗುತ್ತಾರೆ.

ಊಟದ ವಿಷಯ ಕೇಳಿದ್ದೀ. ನಮ್ಮ ಕಡೆ ಮುಧೋಳ ನಾಯಿಗಳು ಜೋಳದ ನುಚ್ಚು, ಹಾಲು, ಮೊಟ್ಟೆ ತಿಂದೇ ಬೆಳೆದವು, ಹೊಲದಲ್ಲಿ ಮೊಲದ ಬೆನ್ನುಹತ್ತಿದವು. ನಿನ್ನದು ಲ್ಯಾಬ್ರಡಾರ್, ಮೂರನೇ ಮಹಡಿಯಲ್ಲಿ ಇರುವಂಥದ್ದು. ಒಂದು ವರ್ಷ ತುಂಬುವವರೆಗೆ ಮರಿಗಳಿಗೆಂದೇ ಮಾಡಿದ ಒಳ್ಳೆಯ ಪ್ಯಾಕೆಟ್ ಆಹಾರ ಕೊಡು, ಎಲುಬು ಬೆಳೆಯುವ ಕಾಲ ಅದು. ಡಾಕ್ಟರು ಹೇಳದೆ ಕ್ಯಾಲ್ಸಿಯಂ ಸಿರಪ್ ಸುರಿಯಬೇಡ, ದೊಡ್ಡ ತಳಿಯ ಮರಿಗೆ ಅತಿಯಾದರೆ ಎಲುಬಿಗೇ ಕೇಡು. ಆಮೇಲೆ ಮನೆಯ ಅಡುಗೆ ಆಗಬಹುದು. ಬರೀ ಮೊಸರನ್ನ ಸಾಲದು, ಜೊತೆಗೆ ಬೇಯಿಸಿದ ಕೋಳಿಮಾಂಸವೋ ಮೊಟ್ಟೆಯೋ ಇರಲಿ, ಅಳತೆಯನ್ನು ಡಾಕ್ಟರ ಹತ್ತಿರ ಬರೆಸಿಕೋ. ಈರುಳ್ಳಿ-ಬೆಳ್ಳುಳ್ಳಿ ಹಾಕಿದ ಸಾರು, ಪಾಯಸದ ದ್ರಾಕ್ಷಿ, ಚಾಕೊಲೇಟ್, ಬಿರಿಯಾನಿಯ ಎಲುಬು ಬಾಯಿಗೆ ಬೀಳಬಾರದು. ಇನ್ನೊಂದು ಮಾತು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವನ್ನು ಹತೋಟಿಯಲ್ಲಿಡುವ ಜೀನಿನಲ್ಲೇ ಕೊರತೆಯಿದೆ ಎಂದು ಕೇಂಬ್ರಿಜ್ಜಿನ ವಿಜ್ಞಾನಿಗಳು 2016ರಲ್ಲಿ ತೋರಿಸಿದ್ದಾರೆ. ಅದು ಬಟ್ಟಲ ಮುಂದೆ ಕೂತು ನಿನ್ನ ಮುಖ ನೋಡಿದಾಗಲೆಲ್ಲ ಹಸಿದಿದೆ ಅಂದುಕೊಳ್ಳಬೇಡ.

ಬಯ್ದೆ ಅಂತ ಬೇಸರ ಮಾಡಿಕೊಳ್ಳಬೇಡ. ರಾತ್ರಿ ಎರಡಕ್ಕೆ ಎದ್ದು ಮರಿಯನ್ನು ಹೊರಗೆ ಕರೆದೊಯ್ಯುತ್ತೀಯೆಂದು ನಿನ್ನ ಅವ್ವ ಹೇಳಿದಳು. ಅಷ್ಟು ಮಾಡುವವಳು ಮಿಕ್ಕದ್ದನ್ನೂ ಮಾಡುತ್ತೀ. ವಾರಕ್ಕೊಮ್ಮೆ ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ ಉಣ್ಣೆ ಹುಡುಕು. ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿಬಿಡು, ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ವಸಡು ಬಿಳಿಚಿಕೊಂಡೇ ಇದ್ದರೆ, ಜ್ವರ ಬಂದು ಊಟ ಬಿಟ್ಟರೆ, ಮನೆಯಲ್ಲಿರುವ ಮನುಷ್ಯರ ಮಾತ್ರೆ ಯಾವುದನ್ನೂ ಕೊಡದೆ ಅವತ್ತೇ ಡಾಕ್ಟರ ಬಳಿಗೆ ಒಯ್ಯಿ. ನಿನ್ನ ಮನೆಗೆ ಹತ್ತಿರದಲ್ಲಿ ರಾತ್ರಿಯೂ ತೆರೆದಿರುವ ಪ್ರಾಣಿಗಳ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸು.

ನಿನ್ನ ಕಾಕಾ